ಶೇರ್ ಫೋಲ್ಡರ್ ತೆರೆಯುತ್ತಿಲ್ಲವೇ? ಫೈರ್‌ವಾಲ್ ಆಫ್ ಮಾಡುವ ಮೊದಲು ಇದನ್ನು ಓದಿ

ಆಡಿಟರ್ ಕಚೇರಿ, ಡಿಟಿಪಿ ಅಂಗಡಿ, ಸಹಕಾರ ಸಂಘ, ಶಾಲೆಯ ಕಂಪ್ಯೂಟರ್ ಕೋಣೆ. ನಾಲ್ಕೈದು ಕಂಪ್ಯೂಟರ್ ಇರುವ ಕಡೆಯಲ್ಲೆಲ್ಲ ಒಂದು ಯಂತ್ರದಲ್ಲಿ ಫೈಲುಗಳನ್ನು ಇಟ್ಟು, ಉಳಿದವರು ಅಲ್ಲಿಂದಲೇ ತೆರೆಯುವ ಏರ್ಪಾಡು ಸಾಮಾನ್ಯ. ನಿನ್ನೆಯವರೆಗೂ ಸರಿಯಾಗಿದ್ದ ಆ ಫೋಲ್ಡರ್ ಇವತ್ತು ಬೆಳಿಗ್ಗೆ ತೆರೆಯುವುದಿಲ್ಲ. ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಇವತ್ತೇ ಕೊನೆಯ ದಿನ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೆ ತಕ್ಷಣ ಉತ್ತರ ಬರುತ್ತದೆ: ‘ಫೈರ್‌ವಾಲ್ ಆಫ್ ಮಾಡಿ, ಎಸ್‌ಎಂಬಿ1 ಆನ್ ಮಾಡಿ, ಎಲ್ಲರಿಗೂ ಫುಲ್ ಕಂಟ್ರೋಲ್ ಕೊಡಿ. ಎರಡೇ ನಿಮಿಷದ ಕೆಲಸ.’

ಹೀಗೆ ಮಾಡಿದಾಗ ಕೆಲವೊಮ್ಮೆ ಫೋಲ್ಡರ್ ತೆರೆಯುವುದೂ ನಿಜ. ಅದಕ್ಕೇ ಈ ಸಲಹೆ ಇನ್ನೂ ಫಾರ್ವರ್ಡ್ ಆಗುತ್ತಿದೆ. ಆದರೆ ಇದು ಬೀಗದ ಕೈ ಸಿಗಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ. ತೊಂದರೆ ಎಲ್ಲಿದೆ ಎಂದು ತಿಳಿದರೆ ಬಾಗಿಲು ಕೀಳಬೇಕಾದ ಸಂದರ್ಭ ಬರುವುದೇ ಇಲ್ಲ.

ಫೋಲ್ಡರ್ ತೆರೆಯುವುದು ಹೇಗೆ?

ವಿಂಡೋಸ್ ಕಂಪ್ಯೂಟರುಗಳು ಫೈಲು ಹಂಚಿಕೊಳ್ಳಲು ಬಳಸುವ ನಿಯಮಾವಳಿಯ ಹೆಸರು ಎಸ್‌ಎಂಬಿ. ಲಿನಕ್ಸ್ ಯಂತ್ರಗಳು ಸಾಂಬಾ ಎಂಬ ತಂತ್ರಾಂಶದ ಮೂಲಕ ಇದೇ ಭಾಷೆ ಆಡುತ್ತವೆ. ನೀವು ಫೋಲ್ಡರ್ ಮೇಲೆ ಕ್ಲಿಕ್ ಮಾಡಿದಾಗ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಆ ಯಂತ್ರ ನೆಟ್‌ವರ್ಕಿನಲ್ಲಿ ಇದೆಯೇ? ಅದರ ಬಾಗಿಲು, ಅಂದರೆ 445ನೇ ಪೋರ್ಟ್, ತೆರೆದಿದೆಯೇ? ಕೇಳುತ್ತಿರುವ ನೀವು ಯಾರು? ಈ ಫೋಲ್ಡರ್‌ನಲ್ಲಿ ನಿಮಗೆ ಏನು ಮಾಡುವ ಅನುಮತಿ ಇದೆ? ಇದೇ ಕ್ರಮದಲ್ಲಿ ಪರೀಕ್ಷಿಸೋಣ.

1. ಯಂತ್ರ ಸಿಗುತ್ತಿದೆಯೇ?

ಮೊದಲು ಸುಲಭದ್ದನ್ನು ನೋಡಿ. ಫೈಲು ಇರುವ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿರಬಹುದು, ಕೇಬಲ್ ಸಡಿಲವಾಗಿರಬಹುದು. ನಿಮ್ಮ ಲ್ಯಾಪ್‌ಟಾಪ್ ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರೂ ಫೋಲ್ಡರ್ ಸಿಗದಿರಬಹುದು. ಗೆಸ್ಟ್ ವೈಫೈನಲ್ಲಿರುವ ಸಾಧನಗಳು ಕಚೇರಿಯ ಯಂತ್ರಗಳನ್ನು ತಲುಪದಂತೆ ಸಾಮಾನ್ಯವಾಗಿ ರೂಟರ್ ತಡೆಯುತ್ತದೆ.

ಇಲ್ಲಿ ನಿಮ್ಮ ಫೋನೇ ಒಳ್ಳೆಯ ಪರೀಕ್ಷಾ ಸಾಧನ. ಎಸ್‌ಎಂಬಿ ಬೆಂಬಲವಿರುವ ಫೈಲ್ ಮ್ಯಾನೇಜರ್ ಆ್ಯಪ್‌ನಿಂದ, ಅದೇ ವೈಫೈನಲ್ಲಿದ್ದುಕೊಂಡು ಪ್ರಯತ್ನಿಸಿ. ಫೋನಿನಲ್ಲಿ ಫೋಲ್ಡರ್ ತೆರೆದುಕೊಂಡರೆ ಫೈಲು ಇರುವ ಯಂತ್ರ ಸರಿಯಾಗಿದೆ, ತೊಂದರೆ ನಿಮ್ಮ ಕಂಪ್ಯೂಟರಿನಲ್ಲಿದೆ ಎಂದರ್ಥ.

2. ಹೆಸರಿನ ಗೊಂದಲ

‘ನೆಟ್‌ವರ್ಕ್ ಪಾತ್ ಸಿಗಲಿಲ್ಲ’ ಎಂಬ ಸಂದೇಶ, ಜೊತೆಗೆ 80070035 ಎಂದು ಮುಗಿಯುವ ಸಂಖ್ಯೆ ಬಂದರೆ ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ ಹೆಸರಿನ ಬದಲು ಆ ಯಂತ್ರದ ಐಪಿ ವಿಳಾಸವನ್ನು ಟೈಪ್ ಮಾಡಿ. ಉದಾಹರಣೆಗೆ \\192.168.1.10. ಅದು ತೆರೆದರೆ ತೊಂದರೆ ಇರುವುದು ಹೆಸರನ್ನು ವಿಳಾಸಕ್ಕೆ ಬದಲಿಸುವ ಹಂತದಲ್ಲಿ ಮಾತ್ರ. ನಿನ್ನೆ ತೆರೆದ ಐಪಿ ಇವತ್ತು ತೆರೆಯದಿದ್ದರೆ ರೂಟರ್ ಹೊಸ ವಿಳಾಸ ಕೊಟ್ಟಿರಬಹುದು. ರೂಟರ್ ಸೆಟ್ಟಿಂಗ್ಸ್‌ನಲ್ಲಿ ಆ ಯಂತ್ರಕ್ಕೆ ಒಂದೇ ವಿಳಾಸ ಕಾಯ್ದಿರಿಸಿದರೆ ಈ ಕಾಟ ತಪ್ಪುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ‘ನೆಟ್‌ವರ್ಕ್’ ಪಟ್ಟಿಯಲ್ಲಿ ಕಂಪ್ಯೂಟರಿನ ಹೆಸರು ಕಾಣದಿದ್ದರೆ ಶೇರಿಂಗ್ ಕೆಟ್ಟಿದೆ ಎಂದು ಹಲವರು ಭಾವಿಸುತ್ತಾರೆ. ಆ ಪಟ್ಟಿ ತಯಾರಾಗುವ ವ್ಯವಸ್ಥೆಯೇ ಬೇರೆ. ಪಟ್ಟಿಯಲ್ಲಿ ಕಾಣದ ಯಂತ್ರವೂ ವಿಳಾಸ ಟೈಪ್ ಮಾಡಿದರೆ ತೆರೆಯಬಹುದು.

3. ಬಾಗಿಲು ತೆರೆದಿದೆಯೇ?

ಹೊಸ ರೂಟರ್ ಹಾಕಿದಾಗ ಅಥವಾ ಹೊಸ ನೆಟ್‌ವರ್ಕಿಗೆ ಸೇರಿದಾಗ ವಿಂಡೋಸ್ ಅದನ್ನು ‘ಪಬ್ಲಿಕ್’ ಎಂದು ಗುರುತಿಸಿಕೊಂಡಿರಬಹುದು. ಬಸ್ ನಿಲ್ದಾಣದ ವೈಫೈ ಇದ್ದಂತೆ ಎಂದುಕೊಂಡು ಹಂಚಿಕೆಯ ಬಾಗಿಲು ಮುಚ್ಚುತ್ತದೆ. ಫೈಲು ಇರುವ ಯಂತ್ರದ ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ‘ಪ್ರೈವೇಟ್’ ಮಾಡಿ, ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಆನ್ ಮಾಡಿ. ಆಗ ಫೈರ್‌ವಾಲ್ ಆ ಒಂದು ಬಾಗಿಲನ್ನು ನಿಮ್ಮ ನೆಟ್‌ವರ್ಕಿಗಷ್ಟೇ ತೆರೆಯುತ್ತದೆ. ಇಡೀ ಫೈರ್‌ವಾಲ್ ಆಫ್ ಮಾಡುವ ಅಗತ್ಯವಿಲ್ಲ.

4. ನೀವು ಯಾರು?

ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ದಿನವೂ ನಾಲ್ಕಂಕಿಯ ಪಿನ್ ಹಾಕಿ ಕಂಪ್ಯೂಟರ್ ತೆರೆಯುವವರು ಇಲ್ಲಿಯೂ ಅದನ್ನೇ ಹಾಕುತ್ತಾರೆ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೀಮಿತ, ನೆಟ್‌ವರ್ಕಿನಲ್ಲಿ ನಡೆಯುವುದಿಲ್ಲ. ಫೈಲು ಇರುವ ಯಂತ್ರದಲ್ಲಿರುವ ಖಾತೆಯ ಹೆಸರು ಮತ್ತು ನಿಜವಾದ ಪಾಸ್‌ವರ್ಡ್ ಬೇಕು. ಪಾಸ್‌ವರ್ಡೇ ಇಲ್ಲದ ಖಾತೆಯಿಂದ ನೆಟ್‌ವರ್ಕ್ ಮೂಲಕ ಒಳಬರಲು ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. ಸಾಂಬಾ ಆದರೆ, ಲಿನಕ್ಸ್ ಲಾಗಿನ್ ಪಾಸ್‌ವರ್ಡ್ ಅಲ್ಲದೆ ಸಾಂಬಾಗೆಂದೇ ಬೇರೆ ಪಾಸ್‌ವರ್ಡ್ ಇಡಬೇಕಾಗುತ್ತದೆ.

ಪಾಸ್‌ವರ್ಡ್ ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ನಿಮ್ಮ ಕಂಪ್ಯೂಟರಿನ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ ತೆರೆದು, ಅಲ್ಲಿ ಉಳಿದಿರುವ ಹಳೆಯ ಪಾಸ್‌ವರ್ಡ್ ಅಳಿಸಿ. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಆದ ಮೇಲೆ ತೆರೆಯುತ್ತಿಲ್ಲವೇ? ಪ್ರೊ ಆವೃತ್ತಿಯಲ್ಲಿ ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನು ಈ ಅಪ್‌ಡೇಟ್ ನಿಲ್ಲಿಸಿದೆ. ಹಂಚಿಕೆಯ ಫೋಲ್ಡರಿಗೆ ಒಂದು ಖಾತೆ, ಒಂದು ಪಾಸ್‌ವರ್ಡ್ ಮಾಡುವುದೇ ಸರಿಯಾದ ದಾರಿ.

5. ತೆರೆಯುತ್ತದೆ, ಸೇವ್ ಆಗುವುದಿಲ್ಲ

ವಿಂಡೋಸ್‌ನಲ್ಲಿ ಅನುಮತಿ ಎರಡು ಕಡೆ ಇರುತ್ತದೆ: ‘ಶೇರಿಂಗ್’ ಟ್ಯಾಬ್‌ನಲ್ಲಿ ಒಂದು, ‘ಸೆಕ್ಯುರಿಟಿ’ ಟ್ಯಾಬ್‌ನಲ್ಲಿ ಇನ್ನೊಂದು. ನೆಟ್‌ವರ್ಕಿನಿಂದ ಬಂದವರಿಗೆ ಎರಡರಲ್ಲಿ ಬಿಗಿಯಾಗಿರುವುದೇ ಅನ್ವಯ. ಒಂದು ಕಡೆ ಬರೆಯಲು ಬಿಟ್ಟು, ಇನ್ನೊಂದು ಕಡೆ ಓದಲು ಮಾತ್ರ ಬಿಟ್ಟಿದ್ದರೆ ಸೇವ್ ಆಗುವುದಿಲ್ಲ. ಎಲ್ಲರಿಗೂ ಫುಲ್ ಕಂಟ್ರೋಲ್ ಕೊಡುವ ಬದಲು ಬರೆಯಬೇಕಾದವರ ಹೆಸರನ್ನು ಎರಡೂ ಕಡೆ ಸೇರಿಸಿ. ಒಂದೇ ಫೈಲು ಮಾತ್ರ ಹಟ ಮಾಡುತ್ತಿದ್ದರೆ ಅದನ್ನು ಬೇರೆ ಯಾರಾದರೂ ತೆರೆದಿಟ್ಟಿದ್ದಾರೆಯೇ ಎಂದು ವಿಚಾರಿಸಿ.

ಎಸ್‌ಎಂಬಿ1 ಯಾಕೆ ಬೇಡ?

ಎಸ್‌ಎಂಬಿ 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿತು. ಕಚೇರಿಯೊಳಗಿನ ನಾಲ್ಕು ಜನ ಒಬ್ಬರನ್ನೊಬ್ಬರು ನಂಬುತ್ತಿದ್ದ ಕಾಲ ಅದು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಎಸ್‌ಎಂಬಿ1ರಲ್ಲಿದ್ದ ಗಂಭೀರ ದೋಷಕ್ಕೆ ಅಪ್‌ಡೇಟ್ ಬಿಡುಗಡೆ ಮಾಡಿತು. ಎರಡು ತಿಂಗಳಾಗುವ ಮೊದಲೇ, ಮೇ 12ರಂದು, ಅದೇ ದೋಷವನ್ನು ಬಳಸಿಕೊಂಡು ವಾನ್ನಾಕ್ರೈ ಎಂಬ ಕುತಂತ್ರಾಂಶ ಹರಡಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಫೈಲುಗಳು ಲಾಕ್ ಆದವು, ಬಿಡಿಸಲು ಹಣ ಕೇಳಲಾಯಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಕೊಟ್ಟಿದ್ದ ಸಾವಿರಾರು ಭೇಟಿಗಳು ರದ್ದಾದವು. ಯಾರೂ ಲಿಂಕ್ ಒತ್ತಬೇಕಿರಲಿಲ್ಲ, ತೆರೆದ ಬಾಗಿಲಿನಿಂದ ಅದು ತಾನೇ ಮುಂದಿನ ಯಂತ್ರಕ್ಕೆ ಹೋಗುತ್ತಿತ್ತು.

ಅದೇ ವರ್ಷದಿಂದ ವಿಂಡೋಸ್ 10ರ ಹೊಸ ಇನ್‌ಸ್ಟಾಲ್‌ಗಳಲ್ಲಿ ಎಸ್‌ಎಂಬಿ1 ತಾನಾಗಿ ಬರುವುದು ನಿಂತಿತು. ಇವತ್ತು ಅದನ್ನು ಕೇಳುವುದು ಬಹುಪಾಲು ಹಳೆಯ ಜೆರಾಕ್ಸ್ ಯಂತ್ರ, ಸ್ಕ್ಯಾನರ್ ಮತ್ತು ಹಳೆಯ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಗಳು. ಅವುಗಳ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಆಗದಿದ್ದರೆ ಸ್ಕ್ಯಾನ್‌ಗಳನ್ನು ಪೆನ್‌ಡ್ರೈವ್ ಅಥವಾ ಇಮೇಲ್‌ಗೆ ಕಳಿಸಿ. ಒಂದು ಹಳೆಯ ಯಂತ್ರಕ್ಕಾಗಿ ಕಚೇರಿಯ ಲೆಕ್ಕಪತ್ರವನ್ನೆಲ್ಲ ಪಣಕ್ಕಿಡಬೇಡಿ.

ಈಗಾಗಲೇ ಆ ಸಲಹೆ ಪಾಲಿಸಿದ್ದರೆ?

ಗಾಬರಿ ಬೇಡ, ಹಿಂದಕ್ಕೆ ಬನ್ನಿ. ಫೈರ್‌ವಾಲ್ ಆನ್ ಮಾಡಿ. ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಎಸ್‌ಎಂಬಿ 1.0ರ ಗುರುತು ತೆಗೆದು ರೀಸ್ಟಾರ್ಟ್ ಮಾಡಿ. ಬಾಕಿ ಇರುವ ಅಪ್‌ಡೇಟ್‌ಗಳನ್ನು ಹಾಕಿ. ರೂಟರ್‌ನಲ್ಲಿ 445ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರೆ ಇವತ್ತೇ ಮುಚ್ಚಿ.

ಇನ್ನೊಂದು ಮಾತು. ಶೇರ್ ಫೋಲ್ಡರ್ ಬ್ಯಾಕಪ್ ಅಲ್ಲ. ನಿಮಗೆ ಬರೆಯುವ ಅನುಮತಿ ಇರುವ ಕಡೆಯೆಲ್ಲ ನಿಮ್ಮ ಕಂಪ್ಯೂಟರಿಗೆ ಹೊಕ್ಕ ಕುತಂತ್ರಾಂಶಕ್ಕೂ ಅದೇ ಅನುಮತಿ ಇರುತ್ತದೆ. ವಾರಕ್ಕೊಮ್ಮೆಯಾದರೂ ಹೊರಗಿನ ಡಿಸ್ಕಿಗೆ ನಕಲು ತೆಗೆದು, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಿ.

ಗುಂಪಿನಲ್ಲಿ ಮುಂದಿನ ಸಲ ಯಾರಾದರೂ ಕೇಳಿದರೆ ಈ ಸಾಲುಗಳನ್ನು ಕಳಿಸಿ: ‘ಮೊದಲು ಐಪಿ ವಿಳಾಸದಿಂದ ತೆರೆದು ನೋಡಿ. ನೆಟ್‌ವರ್ಕ್ ಪ್ರೈವೇಟ್ ಇದೆಯೇ ನೋಡಿ. ಪಿನ್ ಅಲ್ಲ, ಪಾಸ್‌ವರ್ಡ್ ಹಾಕಿ. ಎರಡೂ ಕಡೆಯ ಅನುಮತಿ ನೋಡಿ. ಫೈರ್‌ವಾಲ್ ಆಫ್ ಮಾಡಬೇಡಿ.’