ನರ್ಸ್ ಪ್ರಾಕ್ಟೀಷನರ್

ನರ್ಸ್ ಪ್ರಾಕ್ಟೀಷನರ್ ಎಂದರೆ ಸಾಮಾನ್ಯ ಶುಶ್ರೂಷಾ ಶಿಕ್ಷಣದ ನಂತರ ಉನ್ನತ ಪ್ರಾಯೋಗಿಕ ತರಬೇತಿ ಪಡೆದು, ರೋಗಿಯನ್ನು ಪರೀಕ್ಷಿಸುವ, ರೋಗವನ್ನು ಗುರುತಿಸುವ ಹಾಗೂ ನಿಗದಿತ ಮಿತಿಯೊಳಗೆ ಚಿಕಿತ್ಸೆ ನೀಡುವ ಅರ್ಹತೆ ಹೊಂದಿದ ಶುಶ್ರೂಷಕಿ ಅಥವಾ ಶುಶ್ರೂಷಕ. ವೈದ್ಯರ ಕೊರತೆಯಿರುವ ಗ್ರಾಮೀಣ ಪ್ರದೇಶಗಳಲ್ಲಿ ಪ್ರಾಥಮಿಕ ಆರೋಗ್ಯ ಸೇವೆಯನ್ನು ತಲುಪಿಸುವುದು ಈ ವೃತ್ತಿಯ ಮೂಲ ಉದ್ದೇಶಗಳಲ್ಲೊಂದು.

ಇತಿಹಾಸ

ಈ ವೃತ್ತಿಯು 1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಶುಶ್ರೂಷಾ ಪ್ರಾಧ್ಯಾಪಕಿ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ತಜ್ಞ ಹೆನ್ರಿ ಸಿಲ್ವರ್ ಇದರ ಮೊದಲ ತರಬೇತಿಯನ್ನು ರೂಪಿಸಿದರು. ಫೋರ್ಡ್ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ಶುಶ್ರೂಷಕಿಯಾಗಿದ್ದರು. ಬಳಿಕ ಕೊಲೊರಾಡೊದ ಗ್ರಾಮೀಣ ಭಾಗದಲ್ಲಿ ಸಾರ್ವಜನಿಕ ಆರೋಗ್ಯ ಶುಶ್ರೂಷಕಿಯಾಗಿ ದುಡಿಯುವಾಗ, ಮಕ್ಕಳ ಆರೋಗ್ಯ ತಪಾಸಣೆಯ ಹೆಚ್ಚಿನ ಭಾಗವನ್ನು ತರಬೇತಾದ ಶುಶ್ರೂಷಕಿಯರೇ ನಿರ್ವಹಿಸಬಲ್ಲರೆಂಬುದನ್ನು ಕಂಡುಕೊಂಡರು. 1972ರಲ್ಲಿ ಅವರು ರಾಚೆಸ್ಟರ್ ವಿಶ್ವವಿದ್ಯಾಲಯದ ಶುಶ್ರೂಷಾ ಶಾಲೆಯ ಸ್ಥಾಪಕ ಡೀನ್ ಆದರು. ಬೋಧನೆ, ರೋಗಿಗಳ ಆರೈಕೆ ಮತ್ತು ಸಂಶೋಧನೆಗಳನ್ನು ಒಂದುಗೂಡಿಸುವ ಪದ್ಧತಿಯನ್ನು ಅಲ್ಲಿ ಜಾರಿಗೆ ತಂದರು. ಅವರು 2025ರ ಜನವರಿಯಲ್ಲಿ ತಮ್ಮ 104ನೆಯ ವಯಸ್ಸಿನಲ್ಲಿ ನಿಧನರಾದರು.

ಬೋಧನೆ ಮತ್ತು ಆರೈಕೆ

ಈ ವೃತ್ತಿಯಲ್ಲಿ ಕಲಿಕೆಯ ಬಹುಪಾಲು ವಾರ್ಡುಗಳಲ್ಲೇ ನಡೆಯುತ್ತದೆ. ಆದ್ದರಿಂದ ಬೋಧಕರು ಸ್ವತಃ ರೋಗಿಗಳನ್ನು ನೋಡುತ್ತಿರುವುದು ಅಪೇಕ್ಷಣೀಯ. ಉಸಿರಾಟದ ವೇಗದಲ್ಲಿನ ಬದಲಾವಣೆ, ರಕ್ತದೊತ್ತಡದ ಕುಸಿತ ಮುಂತಾದ ಅಪಾಯದ ಸೂಚನೆಗಳನ್ನು ರೋಗಿಯ ಬಳಿಯಲ್ಲೇ ತೋರಿಸಿ ಕಲಿಸಲಾಗುತ್ತದೆ. ಪಥ್ಯ, ಔಷಧ ಸೇವನೆ ಮತ್ತು ಬಾಣಂತಿಯ ಆರೈಕೆಯ ಕುರಿತು ರೋಗಿಗೂ ಮನೆಯವರಿಗೂ ತಿಳಿವಳಿಕೆ ನೀಡುವುದು ಕರ್ತವ್ಯದ ಭಾಗವಾಗಿದೆ.

ಭಾರತದಲ್ಲಿ

2017ರ ರಾಷ್ಟ್ರೀಯ ಆರೋಗ್ಯ ನೀತಿಯು ನರ್ಸ್ ಪ್ರಾಕ್ಟೀಷನರ್ ವರ್ಗವನ್ನು ಬೆಳೆಸಲು ಶಿಫಾರಸು ಮಾಡಿತು. ಭಾರತೀಯ ಶುಶ್ರೂಷಾ ಪರಿಷತ್ತು ತೀವ್ರ ನಿಗಾ ಚಿಕಿತ್ಸೆಯಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣಕ್ರಮವನ್ನು ರೂಪಿಸಿದೆ. 2018ರಲ್ಲಿ ಕೇಂದ್ರ ಸರ್ಕಾರವು ಪ್ರಸೂತಿ ಸೇವೆಯ ಮಾರ್ಗಸೂಚಿಯನ್ನು ಪ್ರಕಟಿಸಿತು. ಅದರಂತೆ ನೋಂದಾಯಿತ ಶುಶ್ರೂಷಕಿಯರು 18 ತಿಂಗಳ ತರಬೇತಿ ಪಡೆದು ಸಹಜ ಹೆರಿಗೆಗಳನ್ನು ಸ್ವತಂತ್ರವಾಗಿ ನಿರ್ವಹಿಸಬಹುದು. ಮೊದಲು ಬೋಧಕಿಯರನ್ನು ಸಿದ್ಧಪಡಿಸಿ, ಅವರ ಮೂಲಕ ಉಳಿದವರಿಗೆ ಕಲಿಸುವುದು ಈ ಯೋಜನೆಯ ಕ್ರಮ.

ಕರ್ನಾಟಕದಲ್ಲಿ

ರಾಜ್ಯದ ಶುಶ್ರೂಷಾ ಕಾಲೇಜುಗಳ ಪೈಕಿ ಹೆಚ್ಚಿನವು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ. ಹಳ್ಳಿಗಳಲ್ಲಿ ಈ ಪಾತ್ರಕ್ಕೆ ಹತ್ತಿರವಾದ ಹುದ್ದೆ ಉಪಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿಯದು. ಇವರು ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ತಪಾಸಣೆ ನಡೆಸಿ, ವೈದ್ಯರು ಸೂಚಿಸಿದ ಮಾತ್ರೆಗಳನ್ನು ಮುಂದುವರಿಸುತ್ತಾರೆ.

ಗದಗ ಜಿಲ್ಲೆಯ ರೋಣ ತಾಲೂಕಿನಲ್ಲಿ, ಮಲಪ್ರಭಾ ನದಿಯ ಬಳಿಯಿರುವ ಹೊಳೆಆಲೂರಿನಂಥ ಊರುಗಳಲ್ಲಿ ಇಂಥ ಸೇವೆಯ ಮಹತ್ವ ಸ್ಪಷ್ಟವಾಗುತ್ತದೆ. ತಜ್ಞ ಚಿಕಿತ್ಸೆಗೆ ಇಲ್ಲಿಯವರು ಗದಗ ಅಥವಾ ಹುಬ್ಬಳ್ಳಿಯಂಥ ನಗರಗಳಿಗೆ ಹೋಗಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹರಿದು ರೋಣ ಮತ್ತು ನರಗುಂದ ತಾಲೂಕುಗಳ ನದಿತೀರದ ಗ್ರಾಮಗಳು ಜಲಾವೃತವಾದವು. ದಾರಿ ಕಡಿದುಹೋದಾಗ ಗರ್ಭಿಣಿಯರಿಗೂ ವೃದ್ಧರಿಗೂ ಮೊದಲು ಲಭ್ಯರಾಗುವವರು ಸ್ಥಳದಲ್ಲಿರುವ ಶುಶ್ರೂಷಕಿಯರೇ.

ಅಧಿಕಾರದ ಮಿತಿ

ಔಷಧ ಬರೆದುಕೊಡುವ ಅಧಿಕಾರವು ಈ ವೃತ್ತಿಯ ಮುಖ್ಯ ವಿವಾದವಾಗಿದೆ. ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಪೂರ್ಣ ಅಧಿಕಾರ ನೀಡಿವೆ. ಭಾರತದಲ್ಲಿ ತೀವ್ರ ನಿಗಾ ಘಟಕದ ನರ್ಸ್ ಪ್ರಾಕ್ಟೀಷನರ್‌ಗಳು ಆಸ್ಪತ್ರೆಯ ಲಿಖಿತ ನಿಯಮಗಳಿಗೆ ಅನುಗುಣವಾಗಿ, ವೈದ್ಯರ ಸಹಯೋಗದಲ್ಲಿ ಕಾರ್ಯನಿರ್ವಹಿಸುತ್ತಾರೆ. ರೋಗಿಯ ಸುರಕ್ಷತೆಗೆ ವೈದ್ಯರ ಮೇಲ್ವಿಚಾರಣೆ ಅಗತ್ಯವೆಂಬುದು ಒಂದು ವಾದ. ವೈದ್ಯರೇ ಇಲ್ಲದೆಡೆ ಚಿಕಿತ್ಸೆಯ ವಿಳಂಬವೇ ಹೆಚ್ಚು ಅಪಾಯಕಾರಿ ಎಂಬುದು ಇನ್ನೊಂದು. 1947ರ ಭಾರತೀಯ ಶುಶ್ರೂಷಾ ಪರಿಷತ್ತು ಕಾಯಿದೆಯ ಬದಲಿಗೆ, 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿತು.