ಸೇರಿನ ಲೆಕ್ಕ

ನಮ್ಮ ಸದ್ಭಕ್ತರ ಅನೇಕ ಮನೆಗಳಲ್ಲಿ ಹಿರಿಯರು ಬರೆದಿಟ್ಟ ಅಡುಗೆಯ ಚೀಟಿಗಳು ಇಂದಿಗೂ ಉಳಿದಿವೆ. ಇಷ್ಟು ಸೇರು ಅಕ್ಕಿ, ಇಷ್ಟು ಸೇರು ಬೆಲ್ಲ, ಇಷ್ಟು ಪಾವು ತುಪ್ಪ ಎಂದು ಅವುಗಳಲ್ಲಿ ಇರುತ್ತದೆ. ಇಂದಿನವರು ಸೇರೆಂದರೆ ಕಿಲೋ ಎಂದು ತಿಳಿದು ಸಾಮಾನು ತರುತ್ತಾರೆ; ಅಡುಗೆ ಕೆಟ್ಟರೆ ಚೀಟಿಯನ್ನು ದೂರುತ್ತಾರೆ. ದೋಷವು ಚೀಟಿಯದಲ್ಲ, ಅದನ್ನು ಓದುವ ಕ್ರಮದ್ದು.

ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 6ನೆಯ ಸಂಪುಟದಲ್ಲಿಯೂ (1977), ನಾಗಮಂಗಲದವು 7ನೆಯ ಸಂಪುಟದಲ್ಲಿಯೂ (1979) ಪ್ರಕಟವಾಗಿವೆ. ಈ ಸೀಮೆಯ ದಾನಶಾಸನಗಳಲ್ಲಿ ಖಂಡುಗ, ಕೊಳಗ ಎಂಬ ಮಾತುಗಳನ್ನು ಕಾಣುತ್ತೇವೆ. ಭೂಮಿಯನ್ನು ಕೂಡ ಅದರಲ್ಲಿ ಬಿತ್ತುವ ಬೀಜದ ಅಳತೆಯಿಂದಲೇ ಹೇಳುತ್ತಿದ್ದರು. 20 ಕೊಳಗಕ್ಕೆ ಒಂದು ಖಂಡುಗವೆಂಬುದು ರೂಢಿ. ಆದರೆ ಒಂದು ಕೊಳಗಕ್ಕೆ ಎಷ್ಟು ಸೇರು ಎಂಬುದು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿತ್ತು.

1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ನನು ಅಲ್ಲಿನ ಅಳತೆ, ತೂಕಗಳನ್ನು ಬರೆದಿಟ್ಟನು. ಹಳೆಯ ಮೈಸೂರು ಸೀಮೆಯಲ್ಲಿ ಸೇರು ಎಂಬ ಒಂದೇ ಹೆಸರಿನಲ್ಲಿ ಎರಡು ಪ್ರಮಾಣಗಳಿದ್ದವೆಂಬುದನ್ನು ಓದುಗರು ಮುಖ್ಯವಾಗಿ ಗಮನಿಸಬೇಕು. ಬೆಲ್ಲದಂತಹ ಪದಾರ್ಥಗಳನ್ನು ತೂಗುವ ಕಚ್ಚಾ ಸೇರು 24 ತೊಲ. ಧಾನ್ಯವನ್ನು ಅಳೆಯುವ ಪಕ್ಕಾ ಸೇರು ಸುಮಾರು 84 ತೊಲ ಧಾನ್ಯ ಹಿಡಿಯುವ ಪಾತ್ರೆ. ಒಂದು ತೊಲವು 11.66 ಗ್ರಾಂ ಆದುದರಿಂದ ಮೊದಲನೆಯದು ಸುಮಾರು 280 ಗ್ರಾಂ, ಎರಡನೆಯದು ಸುಮಾರು 980 ಗ್ರಾಂ. ಅಂದರೆ ಮೂರೂವರೆ ಪಾಲು ವ್ಯತ್ಯಾಸ!

ಹೂರಣಕ್ಕೆ 2 ಸೇರು ಬೇಳೆ, 7 ಸೇರು ಬೆಲ್ಲ ಎಂದು ಚೀಟಿಯಲ್ಲಿ ಇದೆಯೆಂದು ಇಟ್ಟುಕೊಳ್ಳಿ. ಬರೆದವರು ಪ್ರಮಾದ ಮಾಡಿದರೆಂದು ತೋರಬಹುದು. ಆದರೆ ಬೇಳೆಯನ್ನು ಪಕ್ಕಾ ಸೇರಿನಿಂದಲೂ ಬೆಲ್ಲವನ್ನು ಕಚ್ಚಾ ಸೇರಿನಿಂದಲೂ ಲೆಕ್ಕ ಹಾಕಿದರೆ ಎರಡೂ 168 ತೊಲ, ಸಮತೂಕ! 7 ಕಿಲೋ ಬೆಲ್ಲ ಸುರಿದವನ ಹೋಳಿಗೆಯನ್ನು ಯಾರು ತಿಂದಾರು?

ಪಾತ್ರೆಯ ಅಳತೆಗೆ ಇನ್ನೊಂದು ತೊಡಕುಂಟು. ಬಾಯಿಮಟ್ಟಕ್ಕೆ ಒರೆಸಿ ಅಳೆದ ಸೇರು ಒಂದು, ಮೇಲೆ ಗೋಪುರವಾಗಿ ತುಂಬಿದ ಸೇರು ಮತ್ತೊಂದು. ಗುತ್ತಿಗೆಯ ಭತ್ತವನ್ನು ಅಳೆದುಕೊಡುವ ಬಡ ರೈತನಿಗೆ ಈ ಗೋಪುರವೇ ಆ ವರ್ಷದ ಕೂಳಿನ ಪ್ರಶ್ನೆಯಾಗಬಲ್ಲದು. ಆದುದರಿಂದ 1956ರ ಕಾಯಿದೆಯ ಮೇರೆಗೆ 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಜಾರಿಗೆ ಬಂದ ಮೆಟ್ರಿಕ್ ಪದ್ಧತಿಯು ಕೇವಲ ಅನುಕೂಲವಲ್ಲ, ನ್ಯಾಯವೂ ಹೌದು.

ಆದರೂ ಲೀಟರು ಕಿಲೋ ಆಗದು. ಒಂದು ಲೀಟರಿನ ಪಾತ್ರೆಯಲ್ಲಿ ನೀರು ಒಂದು ಕಿಲೋ ತೂಗಿದರೆ, ಅಕ್ಕಿ ಸುಮಾರು 800 ಗ್ರಾಂ, ತುಪ್ಪ ಸುಮಾರು 900 ಗ್ರಾಂ ತೂಗುತ್ತವೆ. ಹಿಟ್ಟು ಅಕ್ಕಿಗಿಂತಲೂ ಹಗುರ. ಅದನ್ನು ಅದುಮಿ ತುಂಬಿದರೆ ತೂಕವೇ ಬೇರೆ.

ಆದಕಾರಣ ನಮ್ಮ ಸೂಚನೆ ಇಷ್ಟೇ. ಮನೆಯ ಹಳೆಯ ಸೇರು, ಪಾವುಗಳನ್ನು ಗುಜರಿಗೆ ಹಾಕುವ ಮುನ್ನ ಅಕ್ಕಿ, ಬೇಳೆ, ಹಿಟ್ಟುಗಳನ್ನು ಒಂದೊಂದಾಗಿ ಅವುಗಳಲ್ಲಿ ತುಂಬಿ ತೂಗಿರಿ. ಒರೆಸಿ ಒಮ್ಮೆ, ಗೋಪುರ ತುಂಬಿ ಒಮ್ಮೆ. ಹೇಗೆ ಅಳೆಯುತ್ತಿದ್ದರೆಂದು ಮನೆಯ ಅಜ್ಜಿಯನ್ನು ಕೇಳಿರಿ. ದೊರೆತ ತೂಕವನ್ನು ಆ ಚೀಟಿಯ ಅಂಚಿನಲ್ಲಿಯೇ ಬರೆದಿಡಿರಿ. ಪಾತ್ರೆಯೂ ಅಜ್ಜಿಯೂ ಇಲ್ಲವಾದ ಮೇಲೆ ಆ ಸೇರಿನ ಅರ್ಥವನ್ನು ಹೇಳುವವರು ಯಾರೂ ಇರಲಾರರು.