ಎರಡು ಚಕ್ರದ ಮೇಲೆ ಆಯಿಲ್ ಎಂಜಿನ್: ತುಂಗಭದ್ರೆಯ ಭತ್ತದ ಸೀಮೆಯಿಂದ ಕಂಡ ಒಂದು ಇಂಧನ ಚರಿತ್ರೆ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ತೆಕ್ಕಲಕೋಟೆಯ ಹೆಸರು ವಿದ್ವಾಂಸರ ನಡುವೆ ಹೆಚ್ಚಾಗಿ ಕೇಳಿಬರುವುದು 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರು ಅಲ್ಲಿನ ಗುಡ್ಡಗಳಲ್ಲಿ ನಡೆಸಿದ ಉತ್ಖನನ ಮತ್ತು ಅದರಿಂದ ಬೆಳಕಿಗೆ ಬಂದ ನವಶಿಲಾಯುಗದ ವಸತಿಯ ಕಾರಣದಿಂದ. ಅದೇ ಗುಡ್ಡಗಳ ಸುತ್ತ, ಒಂದು ಕಡೆ ಹಗರಿಯ ದಂಡೆಗೂ ಇನ್ನೊಂದು ಕಡೆ ತುಂಗಭದ್ರೆಯ ದಂಡೆಗೂ ಹಬ್ಬಿರುವ ಗದ್ದೆಬಯಲಿನ ಇಪ್ಪತ್ತನೆಯ ಶತಮಾನದ ಚರಿತ್ರೆಗೆ ಅಷ್ಟು ಗಮನ ಸಿಕ್ಕಿಲ್ಲ. ಆ ಚರಿತ್ರೆಯಲ್ಲಿ ಕಾಲುವೆಯ ನೀರಿಗೆ ಇರುವಷ್ಟೇ ಪಾಲು ಡೀಸೆಲ್ ಎಣ್ಣೆಗೂ ಇದೆ. ಭಾರತದಲ್ಲಿ ಕೆಲವೇ ವರ್ಷ ಬಾಳಿ ಮರೆಯಾದ ಡೀಸೆಲ್ ಮೋಟಾರ್‌ಸೈಕಲ್ಲನ್ನು ಸಾಮಾನ್ಯವಾಗಿ ಬುಲೆಟ್ ಪ್ರಿಯರ ವಿಚಿತ್ರ ವಸ್ತುವೆಂದು ವರ್ಣಿಸುವುದುಂಟು. ಆದರೆ ಇಂಥ ನೀರಾವರಿ ಸೀಮೆಯ ಹಿನ್ನೆಲೆಯಲ್ಲಿಟ್ಟು ನೋಡಿದರೆ, ಅದು ಮೋಟಾರ್‌ಸೈಕಲ್‌ಗಳ ವಂಶಕ್ಕಿಂತ ಪಂಪ್‌ಸೆಟ್ಟು, ಗಿರಣಿ, ಪವರ್ ಟಿಲ್ಲರ್‌ಗಳ ವಂಶಕ್ಕೆ ಸೇರಿದ ಯಂತ್ರವೆಂಬುದು ಸ್ಪಷ್ಟವಾಗುತ್ತದೆ.

ಸಿರುಗುಪ್ಪ ಸೀಮೆಯಲ್ಲಿ ನೆಲ್ಲು ಬೆಳೆಯುವುದು ಅಣೆಕಟ್ಟಿನಿಂದ ಆರಂಭವಾದುದಲ್ಲ. ವಿಜಯನಗರ ಕಾಲದ ಕಾಲುವೆಗಳ ಸಾಲಿನಲ್ಲಿ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳೂ ಇವೆ. ಆದರೆ ನದಿಯ ಅಂಚನ್ನು ಬಿಟ್ಟು ಒಳಗೆ ಬಂದರೆ ಇದು ಜೋಳ, ಹತ್ತಿ, ಶೇಂಗಾಗಳ ಎರೆಭೂಮಿಯಾಗಿತ್ತು. 1953ರಲ್ಲಿ ಎರಡು ಘಟನೆಗಳು ಬೆನ್ನುಬೆನ್ನಿಗೆ ನಡೆದವು: ಜುಲೈನಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಹರಿಯಿತು, ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮದ್ರಾಸ್ ರಾಜ್ಯದಿಂದ ಮೈಸೂರಿಗೆ ಬಂದವು. ಮುಂದಿನ ಎರಡು ಮೂರು ದಶಕಗಳಲ್ಲಿ ಬಯಲು ಹಸಿರಾದಂತೆ ಯಂತ್ರಗಳೂ ಬಂದವು. ಕಾಲುವೆಯ ಮಟ್ಟಕ್ಕಿಂತ ಮೇಲಿದ್ದ ಹೊಲಕ್ಕೆ ನೀರೆತ್ತುವ ಪಂಪು, ಕೆಸರುಗದ್ದೆ ಹದಮಾಡುವ ಟಿಲ್ಲರು, ಅಕ್ಕಿ ಗಿರಣಿ ಇವೆಲ್ಲಕ್ಕೂ ವಿದ್ಯುತ್ ಸಿಗದಿದ್ದಾಗ, ಸಿಕ್ಕರೂ ನಂಬಲಾಗದಿದ್ದಾಗ ಆಸರೆಯಾದದ್ದು ಡೀಸೆಲ್ ಎಂಜಿನ್. ಹಳ್ಳಿಗರ ಬಾಯಲ್ಲಿ ಅದು ಆಯಿಲ್ ಎಂಜಿನ್.

ಈ ಎಂಜಿನ್ನಿನ ತತ್ತ್ವ ಸರಳವಾದುದು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಪ್ಲಗ್ಗಿನ ಕಿಡಿ ತಗಲಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ, ಬರೀ ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಒತ್ತಿದಾಗ ಅದು ಕಾದು, ನಾಜಲ್ಲಿನಿಂದ ಮಂಜಿನಂತೆ ಚಿಮ್ಮುವ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಒತ್ತಡಕ್ಕೆ ಹೊತ್ತಿಕೊಳ್ಳುವ ಯಾವ ಎಣ್ಣೆಯಾದರೂ ತತ್ತ್ವಶಃ ನಡೆಯುತ್ತದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಫ್ರೆಂಚ್ ಸರ್ಕಾರದ ಇಚ್ಛೆಯಂತೆ ಆಟೊ ಕಂಪನಿಯು ಸಣ್ಣ ಡೀಸೆಲ್ ಎಂಜಿನ್ನೊಂದನ್ನು ಶೇಂಗಾ ಎಣ್ಣೆಯಿಂದ ಓಡಿಸಿತ್ತು. ವಸಾಹತುಗಳಲ್ಲಿ ಕಲ್ಲಿದ್ದಲು, ಖನಿಜ ತೈಲಗಳಿಲ್ಲದೆಯೇ ಯಂತ್ರ ನಡೆಸಬಹುದೆಂಬ ಲೆಕ್ಕ ಅದರ ಹಿಂದಿತ್ತು. ಆಗಸ್ಟ್ 10ರಂದು ಜೈವಿಕ ಇಂಧನ ದಿನವನ್ನು ಆಚರಿಸುವಾಗ, 1893ರ ಆ ದಿನ ರುಡಾಲ್ಫ್ ಡೀಸೆಲ್ ಶೇಂಗಾ ಎಣ್ಣೆಯಿಂದ ಎಂಜಿನ್ ಓಡಿಸಿದನೆಂದು ಭಾಷಣಗಳಲ್ಲಿ ಹೇಳುವುದು ರೂಢಿಯಾಗಿದೆ. ಆ ವರ್ಷದ ಆಗ್ಸ್‌ಬರ್ಗ್ ಪರೀಕ್ಷೆಯಲ್ಲಿ ಉರಿದದ್ದು ಖನಿಜ ಎಣ್ಣೆಯೇ. ಶೇಂಗಾ ಸೀಮೆಯಾದ ಬಳ್ಳಾರಿಗೆ ಈ ಕಥೆ ಪ್ರಿಯವಾಗಬಹುದಾದರೂ, ಅಡುಗೆಮನೆಯಲ್ಲಿ ಅಷ್ಟು ಬೆಲೆಬಾಳುವ ಎಣ್ಣೆಯನ್ನು ಎಂಜಿನ್ನಿಗೆ ಸುರಿಯಲು ಯಾವ ರೈತನೂ ಮುಂದಾಗುವಂತಿರಲಿಲ್ಲ.

ಬದಲಿ ಇಂಧನದ ಮೊದಲ ವ್ಯಾಪಕ ಅನುಭವ ಈ ಭಾಗಕ್ಕೆ ಬಂದದ್ದು ಎಣ್ಣೆಯಿಂದಲ್ಲ, ಇದ್ದಿಲಿನಿಂದ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದು, 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದುದರಿಂದ ಅಲ್ಲಿನ ಎಣ್ಣೆಯೂ ನಿಂತಾಗ, ಮೈಸೂರು ಸಂಸ್ಥಾನದಲ್ಲಿಯೂ ಬಳ್ಳಾರಿಯನ್ನು ಒಳಗೊಂಡಿದ್ದ ಮದ್ರಾಸ್ ಪ್ರಾಂತ್ಯದಲ್ಲಿಯೂ ಬಸ್ಸುಗಳಿಗೆ ಇದ್ದಿಲು ಗ್ಯಾಸಿನ ಉರುಳೆಗಳನ್ನು ಕಟ್ಟಲಾಯಿತು. ಎತ್ತರದ ಕಬ್ಬಿಣದ ಉರುಳೆಯಲ್ಲಿ ಇದ್ದಿಲನ್ನು ಸಾಕಷ್ಟು ಗಾಳಿ ಕೊಡದೆ ಉರಿಸಿದರೆ ಇಂಗಾಲದ ಮಾನಾಕ್ಸೈಡ್ ಹೆಚ್ಚಾಗಿರುವ ಅನಿಲ ಹುಟ್ಟುತ್ತದೆ; ಅದನ್ನು ತಣಿಸಿ, ಬೂದಿ ಸೋಸಿ ಎಂಜಿನ್ನಿಗೆ ಕೊಡುವುದು ಇದರ ವಿಧಾನ. ಹೊರಡುವ ಮುನ್ನ ಕೈಯಿಂದ ತಿರುಗಿಸುವ ಬೀಸಣಿಗೆಯಲ್ಲಿ ಗಾಳಿ ಹಾಕಿ ಕೆಂಡ ಎಬ್ಬಿಸಬೇಕು, ಅನಿಲ ಬಂತೋ ಇಲ್ಲವೋ ಎಂದು ಕಡ್ಡಿ ಗೀರಿ ನೋಡಬೇಕು, ದಾರಿಯಲ್ಲಿ ಬೂದಿ ಕೆದಕಬೇಕು. ಎಂಜಿನ್ನಿನ ಬಲ ಗಣನೀಯವಾಗಿ ಇಳಿಯುತ್ತಿದ್ದುದರಿಂದ ಏರುದಾರಿಯಲ್ಲಿ ಪ್ರಯಾಣಿಕರು ಇಳಿದು ನಡೆಯಬೇಕಾಗುತ್ತಿತ್ತು. ಪೆಟ್ರೋಲ್ ಮರಳಿ ಸಿಗತೊಡಗಿದೊಡನೆ ಈ ಉರುಳೆಗಳು ಗುಜರಿಗೆ ಹೋದವು. ಬದಲಿ ಇಂಧನವು ಕೊರತೆಯ ಕಾಲದ ಸಂಗಾತಿ, ಕೊರತೆ ತೀರಿದೊಡನೆ ಅದನ್ನು ಯಾರೂ ನೆನೆಯುವುದಿಲ್ಲವೆಂಬ ವಾಸ್ತವ ಇಲ್ಲಿಂದಲೇ ಕಾಣತೊಡಗುತ್ತದೆ.

ಡೀಸೆಲ್ ಮೋಟಾರ್‌ಸೈಕಲ್ ಹುಟ್ಟಿದ್ದೂ ಒಂದು ಬಗೆಯ ಕೊರತೆಯಿಂದಲೇ, ಆದರೆ ಈ ಸಲದ ಕೊರತೆ ಎಣ್ಣೆಯದಲ್ಲ, ಹಣದ್ದು. ಸರ್ಕಾರ ರೈತರನ್ನೂ ಸಾರಿಗೆಯನ್ನೂ ಗಮನದಲ್ಲಿಟ್ಟುಕೊಂಡು ಡೀಸೆಲ್ ಬೆಲೆಯನ್ನು ಹಿಡಿದಿಟ್ಟು, ಪೆಟ್ರೋಲನ್ನು ಅನುಕೂಲಸ್ಥರ ವಸ್ತುವೆಂದು ಬಗೆದು ತೆರಿಗೆ ಹೇರಿದ್ದರಿಂದ, 1990ರ ದಶಕದ ಮೊದಲ ಭಾಗದಲ್ಲಿ ಡೀಸೆಲ್ ದರ ಪೆಟ್ರೋಲ್ ದರದ ಅರ್ಧಕ್ಕಿಂತಲೂ ಕಡಿಮೆಯಿತ್ತು. ಅದೇ ಹೊತ್ತಿಗೆ ಇಟಲಿಯ ಲೊಂಬಾರ್ಡಿನಿ ಕಂಪನಿಯ ವಿನ್ಯಾಸದಂತೆ ಗ್ರೀವ್ಸ್ ಸಂಸ್ಥೆ ಭಾರತದಲ್ಲಿ ತಯಾರಿಸುತ್ತಿದ್ದ ಗಾಳಿಯಿಂದ ತಣಿಯುವ ಒಂಟಿ ಸಿಲಿಂಡರಿನ ಪುಟ್ಟ ಡೀಸೆಲ್ ಎಂಜಿನ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತಿತ್ತು. ಇದನ್ನು ಬುಲೆಟ್ ಚೌಕಟ್ಟಿನಲ್ಲಿ ಕೂರಿಸಿ ಮದ್ರಾಸಿನ ಎನ್‌ಫೀಲ್ಡ್ ಕಂಪನಿ ಮಾರಿದ ಗಾಡಿಯೇ ಎನ್‌ಫೀಲ್ಡ್ ಡೀಸೆಲ್, ಮುಂದೆ ಟಾರಸ್ ಎಂಬ ಹೆಸರಿನಿಂದ ಪ್ರಸಿದ್ಧವಾದದ್ದು. ಟ್ರ್ಯಾಕ್ಟರ್ ತಯಾರಕರೊಬ್ಬರು ಇದೇ ಜಾತಿಯ ಎಂಜಿನ್ ಬಳಸಿ ಸೂರಜ್ ಎಂಬ ಗಾಡಿಯನ್ನು ಹೊರತಂದರು. ಕಂಪನಿಗಳಿಗಿಂತ ಮೊದಲೇ, ಆಮೇಲೂ, ಹಳೆಯ ಬುಲೆಟ್ಟುಗಳ ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸುವ ಕೆಲಸವನ್ನು ದೇಶದ ನಾನಾ ಕಡೆಯ ಮೆಕ್ಯಾನಿಕ್ಕುಗಳು ಮಾಡಿದ್ದಾರೆ.

ಟಾರಸ್ ಗಾಡಿಯ ಎಂಜಿನ್ ಸುಮಾರು 325 ಸಿ.ಸಿ. ಗಾತ್ರದ್ದಾಗಿ ಆರೂವರೆ ಅಶ್ವಶಕ್ತಿ ಕೊಡುತ್ತಿತ್ತು. ಹೆಚ್ಚುಕಡಿಮೆ ಅಷ್ಟೇ ಗಾತ್ರದ ಪೆಟ್ರೋಲ್ ಬುಲೆಟ್ಟಿನ ಬಲ ಅದರ ಸುಮಾರು ಮೂರರಷ್ಟು. ಗಂಟೆಗೆ 65 ಕಿಲೋಮೀಟರ್ ದಾಟುವುದು ಕಷ್ಟ, ಆದರೆ ಲೀಟರಿಗೆ 70 ಕಿಲೋಮೀಟರಿಗೂ ಹೆಚ್ಚು ಓಡುತ್ತಿತ್ತು. ಇದನ್ನು ಚಾಲೂ ಮಾಡುವ ಕ್ರಮ ಪಂಪ್‌ಸೆಟ್ಟಿನದೇ: ಒತ್ತಡ ಬಿಡುವ ಕಡ್ಡಿಯನ್ನು ಎತ್ತಿ ಹಿಡಿದು ಕಿಕ್ ಹೊಡೆದು ಗಾಲಿಯನ್ನು ವೇಗಕ್ಕೆ ತರಬೇಕು, ವೇಗ ಬಂದೊಡನೆ ಕಡ್ಡಿ ಬಿಡಬೇಕು; ಆಗ ಕರಿಹೊಗೆಯೊಂದು ಮುದ್ದೆಯಾಗಿ ಹೊರಬಿದ್ದು ಟಕಟಕ ಸದ್ದು ಆರಂಭವಾಗುತ್ತದೆ. ಟ್ಯಾಂಕಿನ ಎಣ್ಣೆ ಪೂರ್ತಿ ಬರಿದಾದರೆ ಸಮಸ್ಯೆ ಎಣ್ಣೆ ಹಾಕಿದರಷ್ಟಕ್ಕೆ ಮುಗಿಯುವುದಿಲ್ಲ, ಪೈಪಿಗೆ ಏರ್ ಹಿಡಿದಿರುತ್ತದೆ. ಪಂಪಿನ ತಿರುಪು ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಎಣ್ಣೆ ಹರಿಸಿ ಮತ್ತೆ ಬಿಗಿಯಬೇಕು. ಪಟ್ಟಣದ ಸವಾರನಿಗೆ ಇದು ಗೋಳು, ಆಯಿಲ್ ಎಂಜಿನ್ ಇಟ್ಟುಕೊಂಡ ಮನೆಯ ಹುಡುಗನಿಗೆ ದಿನದ ರೂಢಿ. ಬೆಲೆಯ ಜೊತೆಗೆ ಈ ಪರಿಚಯವೂ ಡೀಸೆಲ್ ಗಾಡಿಯ ಬಂಡವಾಳವಾಗಿತ್ತು, ಏಕೆಂದರೆ ಪಂಪಿಗೂ ಟಿಲ್ಲರಿಗೂ ತಂದಿಟ್ಟ ಡ್ರಮ್ಮಿನ ಎಣ್ಣೆಯೇ ಗಾಡಿಗೂ ಆಗುತ್ತಿತ್ತು, ಅವುಗಳನ್ನು ರಿಪೇರಿ ಮಾಡುವವನ ಕೈಯೇ ಇದಕ್ಕೂ ಸಾಕಾಗುತ್ತಿತ್ತು.

2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದುದರಿಂದ ಈ ಗಾಡಿ ನಿಂತಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದು ನಿಜವಾದರೂ ಪೂರ್ತಿ ಕಾರಣವಲ್ಲ. 1985ರಲ್ಲಿ ಬಂದ ಹೀರೋ ಹೋಂಡಾದ ನೂರು ಸಿ.ಸಿ. ಗಾಡಿ ಪೆಟ್ರೋಲಿನಲ್ಲಿಯೇ ಹೆಚ್ಚುಕಡಿಮೆ ಅಷ್ಟೇ ಮೈಲೇಜು ಕೊಟ್ಟಿತು, ತೂಕದಲ್ಲಿ ಡೀಸೆಲ್ ಬುಲೆಟ್ಟಿನ ಅರ್ಧದಷ್ಟಿತ್ತು, ಒಂದೇ ಕಿಕ್ಕಿಗೆ ಚಾಲೂ ಆಗುತ್ತಿತ್ತು. ಅದರ ಮುಂದೆ ನಡುಗುವ, ಹೊಗೆಯುಗುಳುವ, ಕೈ ಜೋಮು ಹಿಡಿಸುವ ಯಂತ್ರದ ಪರವಾಗಿ ಉಳಿದದ್ದು ದರದ ಅಂತರವೊಂದೇ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರದ ನಿಯಂತ್ರಣ ತೆಗೆದುಹಾಕಿದ ಮೇಲೆ ಆ ಅಂತರದ ಆಧಾರವೂ ಹೋಯಿತು. ಅತ್ತ ಜರ್ಮನಿಯಲ್ಲಿ ಸೊಮ್ಮರ್ ಎಂಬ ಸಣ್ಣ ತಯಾರಕರು ಎನ್‌ಫೀಲ್ಡ್ ಚೌಕಟ್ಟಿಗೆ ಹಾಟ್ಸ್ ಡೀಸೆಲ್ ಎಂಜಿನ್ ಕೂರಿಸಿ ಮಾರಿದರು. ಅಮೆರಿಕದ ನೌಕಾ ಪದಾತಿದಳವು ವಿಮಾನದಿಂದ ಜೀಪಿನವರೆಗೆ ಒಂದೇ ಎಣ್ಣೆ ಇರಲೆಂದು ಕವಾಸಾಕಿ ಚೌಕಟ್ಟಿನ ಡೀಸೆಲ್ ಮೋಟಾರ್‌ಸೈಕಲ್ ಬಳಸಿತು. ಸೈನ್ಯದ ಆ ತರ್ಕಕ್ಕೂ ಗದ್ದೆಮನೆಯ ಡ್ರಮ್ಮಿನ ತರ್ಕಕ್ಕೂ ವ್ಯತ್ಯಾಸವಿಲ್ಲ.

ಡೀಸೆಲ್ ಎಂಜಿನ್ನಿಗೆ ಬೇರೆ ಎಣ್ಣೆ ಹಾಕುವ ರೂಢಿಯಲ್ಲಿ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಕಡಿಮೆ ಬರವಣಿಗೆಗೆ ಬಂದದ್ದು ಸೀಮೆಎಣ್ಣೆ. ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸಿದ್ದೇ ಅದು ದೀಪ ಮತ್ತು ಒಲೆಗಳನ್ನು ಬಿಟ್ಟು ಎಲ್ಲೆಲ್ಲಿಗೆ ಹೋಗುತ್ತಿತ್ತೆಂಬುದಕ್ಕೆ ಸಾಕ್ಷಿ. ಡೀಸೆಲ್ ಎಂಜಿನ್ ಅದರಲ್ಲಿ ಓಡುತ್ತದೆ, ಆದರೆ ಸೀಮೆಎಣ್ಣೆಗೆ ಜಿಡ್ಡಿನ ಗುಣ ಕಡಿಮೆ. ತಾನು ಚಿಮ್ಮಿಸುವ ಎಣ್ಣೆಯಿಂದಲೇ ನಯ ಪಡೆಯುವ ಪಂಪು ಮತ್ತು ನಾಜಲ್ಲು ಬೇಗ ಸವೆಯುತ್ತವೆ.

ಇದಕ್ಕೆ ವಿರುದ್ಧವಾದ ಸಮಸ್ಯೆ ಗಿಡಮರಗಳ ಎಣ್ಣೆಯದು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ‘ಸೂತ್ರ’ ಎಂಬ ಯೋಜನೆಯಡಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ಓಡಿಸಿ, ಕಗ್ಗನಹಳ್ಳಿಯಲ್ಲಿ ಆ ವಿದ್ಯುತ್ತಿನಿಂದ ಕೊಳವೆಬಾವಿಯ ನೀರೆತ್ತಿಸಿದರು. ದಾಂಡೇಲಿಯ ಫೆರೋ ಅಲಾಯ್ ಕಾರ್ಖಾನೆಯೊಂದು ತನ್ನ ಜನರೇಟರುಗಳಿಗೆ ಅದೇ ಎಣ್ಣೆಯನ್ನು ಹಾಕಿತು. ಹಿಂದೆ ದೀಪಕ್ಕೆ ಉರಿದ, ಹಿಂಡಿಯಾಗಿ ಗದ್ದೆಗೆ ಬಿದ್ದ ಹೊಂಗೆಯನ್ನು ಪ್ರಯೋಗಾಲಯ ಹೊಸದಾಗಿ ಕಂಡುಹಿಡಿಯಲಿಲ್ಲ, ಅದಕ್ಕೆ ಇನ್ನೊಂದು ಕೆಲಸ ಹಚ್ಚಿತು. ಆದರೆ ಜನರೇಟರಿಗೆ ಒಗ್ಗಿದ್ದು ಮೋಟಾರ್‌ಸೈಕಲ್ಲಿಗೆ ಒಗ್ಗಬೇಕೆಂದಿಲ್ಲ. ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟಿನಷ್ಟು ಮಂದ. ನಾಜಲ್ಲಿನಿಂದ ಮಂಜಾಗಿ ಹರಡದೆ ಹನಿಯಾಗಿ ಬಿದ್ದು, ಅರೆಬರೆ ಉರಿದು ಮಸಿ ಕಟ್ಟುತ್ತದೆ, ಪಿಸ್ಟನ್ನಿನ ರಿಂಗುಗಳು ಅಂಟಿಕೊಳ್ಳುತ್ತವೆ. ನಿಮಿಷಕ್ಕೆ 600ರಿಂದ 650 ಸುತ್ತು ತಿರುಗುವ, ನೀರಿನಿಂದ ತಣಿಯುವ ಲಿಸ್ಟರ್ ಮಾದರಿಯ ಹಳೆಯ ಆಯಿಲ್ ಎಂಜಿನ್ನುಗಳಿಗೆ ಇಂಥ ಎಣ್ಣೆಯನ್ನು ನಿಧಾನವಾಗಿ ಉರಿಸುವಷ್ಟು ಬಿಡುವಿರುತ್ತದೆ. 3,600 ಸುತ್ತಿನವರೆಗೆ ತಿರುಗುವ, ಗಾಳಿಯಿಂದ ತಣಿಯುವ, ಹೊರೆ ಕ್ಷಣಕ್ಷಣಕ್ಕೂ ಏರಿಳಿಯುವ ಮೋಟಾರ್‌ಸೈಕಲ್ ಎಂಜಿನ್ನಿಗೆ ಆ ಬಿಡುವಿಲ್ಲ.

ಇದಕ್ಕಿರುವ ಪರಿಹಾರವೇ ಬಯೋಡೀಸೆಲ್. ಎಣ್ಣೆಗೆ ಕಾಸ್ಟಿಕ್ ಸೋಡಾ ಕರಗಿಸಿದ ಮೆಥನಾಲ್ ಸೇರಿಸಿ, ಸುಮಾರು 60 ಡಿಗ್ರಿ ಉಷ್ಣದಲ್ಲಿ ಕದಡಿ ಬಿಟ್ಟರೆ ಗ್ಲಿಸರಿನ್ ಕೆಳಗಿಳಿದು ಮೇಲೆ ತೆಳುವಾದ ಎಸ್ಟರ್ ನಿಲ್ಲುತ್ತದೆ. ತೊಳೆದು ಒಣಗಿಸಿದ ಈ ಎಸ್ಟರನ್ನು ಡೀಸೆಲ್‌ಗೆ ಬೆರೆಸಿ ಉರಿಸಬಹುದು. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಉದ್ಯಾನ ಕಟ್ಟಿತು. 2009ರಲ್ಲಿ ರಾಜ್ಯ ತನ್ನ ಜೈವಿಕ ಇಂಧನ ನೀತಿಯನ್ನು ಹೊರತಂದು ಬರಡು ಬಂಗಾರ, ಹಸಿರು ಹೊನ್ನು ಎಂಬ ಹೆಸರುಗಳಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಸಸಿಗಳನ್ನು ನೆಡಿಸಿತು. ಹೆಸರುಗಳು ಚೆನ್ನಾಗಿದ್ದವು, ಲೆಕ್ಕ ಕೂಡಿಬರಲಿಲ್ಲ. ಒಂದು ಲೀಟರ್ ಎಣ್ಣೆಗೆ ಮೂರೂವರೆಯಿಂದ ನಾಲ್ಕು ಕಿಲೋ ಹೊಂಗೆ ಬೀಜ ಬೇಕು. ಅದನ್ನು ಮರದಡಿಯಿಂದ ಆರಿಸಿ, ಸಿಪ್ಪೆ ಬಿಡಿಸಿ, ಗಾಣಕ್ಕೆ ಸಾಗಿಸುವ ಕೂಲಿಯನ್ನು ಯಾವ ಯೋಜನೆಯೂ ಸರಿಯಾಗಿ ಕಟ್ಟಿಕೊಡಲಿಲ್ಲ. 2005ರಲ್ಲಿ ಕೇಂದ್ರ ಸರ್ಕಾರ ಬಯೋಡೀಸೆಲ್‌ಗೆ ಲೀಟರಿಗೆ 25 ರೂಪಾಯಿ ಖರೀದಿ ದರ ಗೊತ್ತುಮಾಡಿದಾಗ ತಯಾರಿಕೆಯ ಖರ್ಚೇ ಅದನ್ನು ಮೀರುತ್ತಿತ್ತು. ಕಾಲುವೆ ನೀರಿನ ಸೀಮೆಯಲ್ಲಂತೂ ಗದ್ದೆ ನಾಟಿಯ ಕೂಲಿಗೆ ಆಳು ಸಿಗುವುದೇ ಕಷ್ಟವಾಗಿದ್ದಾಗ ಹೊಂಗೆ ಬೀಜ ಆರಿಸಲು ಯಾರು ಬರಬೇಕು?

ಭತ್ತದ ಸೀಮೆಗೆ ತನ್ನದೇ ಆದ ಎಣ್ಣೆಯ ಮೂಲವೊಂದಿದೆ: ತೌಡು. ಅದರಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಪಾಲು ಎಣ್ಣೆಯಿದ್ದು, ಗಿರಣಿಯಲ್ಲಿ ಬೇರ್ಪಟ್ಟ ಗಳಿಗೆಯಿಂದಲೇ ಅದರೊಳಗಿನ ಕಿಣ್ವ ಆ ಎಣ್ಣೆಯನ್ನು ಕೆಡಿಸತೊಡಗುತ್ತದೆ. ಬೇಗ ಹಿಂಡಿದ ತೌಡು ಅಡುಗೆ ಎಣ್ಣೆಯಾಗಿ ಒಳ್ಳೆಯ ಬೆಲೆ ಪಡೆಯುತ್ತದೆ. ತಡವಾಗಿ, ಹುಳಿಯೇರಿದ ಎಣ್ಣೆ ಸಾಬೂನಿಗೆ ಹೋಗುತ್ತದೆ. ಬಯೋಡೀಸೆಲ್ ಈ ಎರಡರ ನಡುವೆ ಜಾಗ ಹುಡುಕಬೇಕಾಗಿ ಬಂದು, ಎಲ್ಲಿಯೂ ಗಟ್ಟಿಯಾಗಿ ನೆಲೆ ನಿಲ್ಲಲಿಲ್ಲ.

ಕೊನೆಗೆ ಈ ಬಯಲಿನ ಬೆಳೆ ಮೋಟಾರ್‌ಸೈಕಲ್ಲಿನ ಟ್ಯಾಂಕು ಸೇರುವ ದಾರಿ ತೆರೆದದ್ದು ಡೀಸೆಲ್ ಕಡೆಯಿಂದ ಅಲ್ಲ. 2020ರ ಏಪ್ರಿಲ್‌ನಲ್ಲಿ ಭಾರತ ಆಹಾರ ನಿಗಮದ ಹೆಚ್ಚುವರಿ ಅಕ್ಕಿಯಿಂದ ಎಥನಾಲ್ ತಯಾರಿಸಲು ಕೇಂದ್ರ ಒಪ್ಪಿಗೆ ಕೊಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಎಥನಾಲ್ ಪೆಟ್ರೋಲಿನಲ್ಲಿ ಸಲೀಸಾಗಿ ಬೆರೆಯುತ್ತದೆ. ಡೀಸೆಲ್‌ನಲ್ಲಿ ಮಾತ್ರ ಬೇರೆ ದ್ರಾವಕದ ಸಹಾಯವಿಲ್ಲದೆ ನಿಲ್ಲುವುದಿಲ್ಲ, ಒತ್ತಡಕ್ಕೆ ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ. ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ತನ್ನ ಬಸ್ಸುಗಳಲ್ಲಿ ಅಂಥ ಮಿಶ್ರಣವನ್ನು ಬಳಸಿ ನೋಡಿದ್ದರೂ ಅದು ಸಾಮಾನ್ಯ ಇಂಧನವಾಗಿ ಬಂಕುಗಳಿಗೆ ಬರಲಿಲ್ಲ. ಹೀಗೆ ಯಾವ ಎಣ್ಣೆಯನ್ನಾದರೂ ಉರಿಸಬಲ್ಲದೆಂದು ಹೆಸರಾದ ಎಂಜಿನ್ನಿಗೆ ಬಂಕಿನ ಡೀಸೆಲ್ಲೇ ಗತಿಯಾಯಿತು, ಕಿಡಿಯನ್ನೇ ನಂಬಿದ ಹಗುರ ಗಾಡಿಗಳು ಅಕ್ಕಿ, ಕಬ್ಬು, ಗೋವಿನಜೋಳಗಳಿಂದ ಬಂದ ಇಂಧನವನ್ನು ಸವಾರನ ಅರಿವಿಗೂ ಬಾರದಂತೆ ಉರಿಸತೊಡಗಿದವು.